ಬಾಣದ ಗುರುತಿದ್ದ ಫೋಲ್ಡರ್

ಮಕ್ಕಳೇ, ಶೀತದ ವೈರಸ್ ಜೀವಕೋಶವನ್ನು ಹೊಕ್ಕರಷ್ಟೇ ವೃದ್ಧಿಯಾಗುತ್ತದೆ. ಕಂಪ್ಯೂಟರ್ ವೈರಸ್ ಜೀವಿಯಲ್ಲ, ಒಂದು ಪ್ರೋಗ್ರಾಂ. ಚಾಲನೆ ಸಿಕ್ಕರಷ್ಟೇ ಹರಡುತ್ತದೆ.

ಒಮ್ಮೆ ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವನ್ನು ಮನೆಯ ಕಂಪ್ಯೂಟರಿಗೆ ಹಾಕಿದೆ. ವಿಜ್ಞಾನ ಮೇಳಗಳ ಚಿತ್ರಗಳಿದ್ದ ಫೋಲ್ಡರಿನ ಮೇಲೆ ಪುಟ್ಟ ಬಾಣದ ಗುರುತು! ಅದು ಫೋಲ್ಡರಲ್ಲ, ಶಾರ್ಟ್‌ಕಟ್. ಕ್ಲಿಕ್ಕಿಸಿದರೆ ವೈರಸ್‌ಗೆ ಚಾಲನೆ. ನಾನು ಮುಟ್ಟಲಿಲ್ಲ. ಗಾಬರಿಯಿಂದ ಫಾರ್ಮ್ಯಾಟ್ ಮಾಡಿದ್ದರೆ ಚಿತ್ರಗಳೂ ಅಳಿಯುತ್ತಿದ್ದವು. ಇಂಟರ್ನೆಟ್ ಸಂಪರ್ಕ ತೆಗೆದು, ಆಂಟಿವೈರಸ್‌ನಿಂದ ತಪಾಸಣೆ ಮಾಡಿ, ಅಡಗಿದ ಕಡತಗಳನ್ನು ತೋರಿಸುವ ಆಯ್ಕೆ ಬಳಸಿದೆ. ಚಿತ್ರಗಳೆಲ್ಲ ಅಲ್ಲೇ ಇದ್ದವು. ವೈರಸ್ ಅವನ್ನು ಮರೆಮಾಡಿತ್ತಷ್ಟೆ.

ಎಲ್ಲ ವೈರಸ್‌ಗಳೂ ಹೀಗಲ್ಲ. 2000ನೇ ಇಸವಿಯ ಮೇ ತಿಂಗಳಲ್ಲಿ ಇ-ಮೇಲ್ ಮೂಲಕ ಹಬ್ಬಿದ ‘ಐ ಲವ್ ಯೂ’ ಚಿತ್ರದ ಕಡತಗಳನ್ನೇ ಹಾಳುಗೆಡವಿತು. ಆದ್ದರಿಂದ ಮುಖ್ಯ ಕಡತಗಳ ಇನ್ನೊಂದು ಪ್ರತಿ ಬೇರೆಡೆ ಇರಲಿ.