ಒಣ ಜಲಪಾತದ ಬುಡದ ಕೆರೆಯವರೆಗೆ

ಸಿಯಾಟಲ್ ಬಿಟ್ಟು ಐ-90 ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟರೆ ಒಂದು ಗಂಟೆಯೊಳಗೆ ಸ್ನೋಕ್ವಾಲ್ಮಿ ಘಾಟಿ ಸಿಗುತ್ತದೆ. ಎತ್ತರ 3,022 ಅಡಿ. ಏಪ್ರಿಲ್ ತಿಂಗಳ ನಡುವಿನಲ್ಲೂ ರಸ್ತೆಯ ಎರಡೂ ಬದಿ ಹಿಮದ ರಾಶಿ ಕರಗದೆ ಬಿದ್ದಿತ್ತು. ಘಾಟಿ ದಾಟಿದ ಮೇಲೆ ಮಾತ್ರ ದೇಶವೇ ಬದಲಾಯಿತು. ಆಗುಂಬೆ ಹತ್ತಿ ಚಿತ್ರದುರ್ಗದ ಕಡೆ ನಡೆದ ಹಾಗೆ, ಹಸಿರು ಹಿಂದುಳಿಯುತ್ತ ಬಂತು. ಫರ್ ಮರಗಳು ಹೋಗಿ ಪೈನ್ ಬಂದವು, ಪೈನ್ ಹೋಗಿ ಮೊಣಕಾಲೆತ್ತರದ ಬೂದು ಕುರುಚಲು ಬಂತು. ಕ್ಯಾಸ್ಕೇಡ್ ಬೆಟ್ಟಸಾಲು ಸಮುದ್ರದ ಮೋಡಗಳನ್ನೆಲ್ಲ ಪಶ್ಚಿಮದಲ್ಲೇ ಹಿಂಡಿಕೊಳ್ಳುವುದರಿಂದ ಈಚೆಯ ಬಯಲಿಗೆ ವರ್ಷಕ್ಕೆ ಹತ್ತು ಇಂಚು ಮಳೆಯೂ ಇಲ್ಲ. ಇಂಥ ಬಯಲಿನಲ್ಲಿ ಟ್ರೌಟ್ ಮೀನಿನ ಕೆರೆಗಳು ಇಷ್ಟೊಂದಿವೆ ಎಂದರೆ ನೋಡುವವರೆಗೆ ನಂಬುವುದು ಕಷ್ಟ.

ಕಾರಿನ ಡಿಕ್ಕಿಯಲ್ಲಿ ಭಾವನವರ ಎರಡು ಫ್ಲೋಟ್ ಟ್ಯೂಬುಗಳಿದ್ದವು. ಒಂದು ಹಳೆಯದು, ದುಂಡನೆಯದು. ಇನ್ನೊಂದು ಇಂಗ್ಲಿಷಿನ ಯು ಅಕ್ಷರದ ಆಕಾರದ್ದು. ನನ್ನದೆಂದು ಒಂದನ್ನು ಕೊಳ್ಳುವ ಮೊದಲು ಈ ಕೆರೆಗಳನ್ನು ನೋಡಿಕೊಂಡು ಬರಬೇಕೆಂದು ಹೊರಟದ್ದು. "ಅಂಗಡೀಲಿ ಎಲ್ಲಾನೂ ಚೆನ್ನಾಗೇ ಕಾಣುತ್ತೆ ಕಣಯ್ಯ. ಕೆರೆ ಹತ್ರ ನಿಂತಾಗ ನಿನಗೆ ಯಾವುದು ಬೇಕು ಅಂತ ಕೆರೇನೇ ಹೇಳುತ್ತೆ" ಎಂದಿದ್ದರು ಭಾವ.

ಫ್ಲೋಟ್ ಟ್ಯೂಬ್ ಎಂದರೆ ಗಾಳಿ ತುಂಬಿದ, ಒಬ್ಬರೇ ಕೂರುವ ತೇಲುಪೀಠ. ಹುಟ್ಟಿಲ್ಲ, ಮೋಟಾರಿಲ್ಲ. ನೀರು ಒಳಬಾರದ ವೇಡರ್ ತೊಟ್ಟು, ಪಾದಗಳಿಗೆ ಈಜುಗಾರರ ಫಿನ್ ಕಟ್ಟಿಕೊಂಡು, ಕಾಲನ್ನು ನೀರಿಗಿಳಿಬಿಟ್ಟು ಒದೆಯುತ್ತ ಹಿಮ್ಮುಖವಾಗಿ ಸಾಗಬೇಕು. ಎರಡೂ ಕೈ ಗಾಳದ ಕೋಲಿಗೆ ಬಿಡುವಾಗಿರುತ್ತವೆ. ಇದು ಶುರುವಾದದ್ದೇ ಲಾರಿಯ ಟ್ಯೂಬಿಗೆ ಕ್ಯಾನ್ವಾಸಿನ ಆಸನ ಹೊಲಿದುಕೊಂಡು. ನಮ್ಮ ತಲಕಾಡು, ತಿರುಮಕೂಡಲಿನ ಕಡೆ ಹೊಳೆಯಲ್ಲಿ ತೆಪ್ಪ ಇದ್ದರೂ, ಊರ ಕೆರೆಗಳಲ್ಲಿ ಬಲೆ ಬಿಡುವವರು ಲಾರಿ ಟ್ಯೂಬಿನ ಮೇಲೆಯೇ ಕೂತು ಕೈಯಲ್ಲಿ ನೀರು ತಳ್ಳುತ್ತ ಹೋಗುವುದನ್ನು ನೋಡಿ ಬೆಳೆದವನು ನಾನು. ಹಾಗಾಗಿ ಭಾವ ಮೊದಲ ಸಲ ತಮ್ಮ ಟ್ಯೂಬ್ ತೋರಿಸಿದಾಗ ಅದು ನನಗೆ ಪರದೇಶದ ವಸ್ತು ಅನ್ನಿಸಲೇ ಇಲ್ಲ.

ಮನೆಯಲ್ಲೇ ಗಾಳಿ ತುಂಬಿಸಿ ಕಾರಿನ ಮೇಲೆ ಕಟ್ಟಿಕೊಂಡು ಬರಬಹುದಿತ್ತಲ್ಲ ಎಂದು ಘಾಟಿಯಲ್ಲಿ ಕೇಳಿದೆ. ಅವರು ತಲೆಯಾಡಿಸಿದರು. ಸಮುದ್ರಮಟ್ಟದಲ್ಲಿ ಬಿಗಿಯಾಗಿ ತುಂಬಿದ ಟ್ಯೂಬು ಘಾಟಿಗೆ ಬರುವಾಗ ಹೊರಗಿನ ಗಾಳಿಯ ಒತ್ತಡ ತಗ್ಗಿ ಉಬ್ಬಿಕೊಳ್ಳುತ್ತದೆ. ಮೇಲೆ ಬಿಸಿಲೂ ಬಿದ್ದರೆ ಹೊಲಿಗೆ ಬಿಟ್ಟುಕೊಳ್ಳಬಹುದು. ದಡದಲ್ಲೇ ತುಂಬಬೇಕು, ತಣ್ಣೀರಿಗಿಳಿದ ಮೇಲೆ ಕೊಂಚ ಮೆತ್ತಗಾಗುವುದರಿಂದ ಮತ್ತೆರಡು ಸಲ ಪಂಪು ಒತ್ತಬೇಕು. ಮಧ್ಯಾಹ್ನ ಊಟಕ್ಕೆಂದು ದಡಕ್ಕೆ ಬಂದವರು ಟ್ಯೂಬನ್ನು ನೆರಳಿಗೆಳೆದು ಸ್ವಲ್ಪ ಗಾಳಿ ಬಿಡಬೇಕು. ಇದೆಲ್ಲ ಯಾವ ಡಬ್ಬಿಯ ಮೇಲೂ ದೊಡ್ಡಕ್ಷರದಲ್ಲಿ ಬರೆದಿರುವುದಿಲ್ಲ.

ವ್ಯಾಂಟೇಜ್‌ನಲ್ಲಿ ಕೊಲಂಬಿಯಾ ನದಿ ಎದುರಾಯಿತು. ಎರಡೂ ದಂಡೆಗಳಲ್ಲಿ ಪದರ ಪದರವಾಗಿ ಎದ್ದು ನಿಂತ ಕಪ್ಪು ಬಸಾಲ್ಟ್ ಶಿಲೆ. ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಇದು. ಬೆಳಗಾವಿ, ವಿಜಯಪುರದ ನೆಲದಡಿಯ ದಖನ್ ಲಾವಾ ಇದಕ್ಕಿಂತ ಬಹಳ ಹಿರಿದು, ಆರೂವರೆ ಕೋಟಿ ವರ್ಷದ್ದು. ಸೇತುವೆ ದಾಟಿ ದಕ್ಷಿಣಕ್ಕೆ ತಿರುಗಿ, ವಾನಪಮ್ ಅಣೆಕಟ್ಟಿನ ಪಕ್ಕದಲ್ಲಿ ಹಾದು, ಬೆವರ್ಲಿ ಎಂಬ ಪುಟ್ಟ ಊರಿನ ಬಳಿ ಕ್ರ್ಯಾಬ್ ಕ್ರೀಕ್ ಹಳ್ಳದ ರಸ್ತೆ ಹಿಡಿದೆವು. ಬಲಗಡೆಗೆ ಸ್ಯಾಡಲ್ ಬೆಟ್ಟಗಳ ಬೋಳು ಬೆನ್ನು. ಅದರ ಬುಡದಲ್ಲಿ ಲೆನಿಸ್ ಕೆರೆ.

ಲೆನಿಸ್‌ಗೆ ಕಾರು ಹೋಗುವುದಿಲ್ಲ. ನಿಲ್ದಾಣದಲ್ಲಿ ಬಿಟ್ಟು ಮರಳು ಮಿಶ್ರಿತ ಕಾಲುದಾರಿಯಲ್ಲಿ ನಡೆಯಬೇಕು. ಮೊದಲನೆಯ ಪಾಠ ಅಲ್ಲೇ ಸಿಕ್ಕಿತು. ಯು ಆಕಾರದ್ದಕ್ಕೆ ಬೆನ್ನಿಗೆ ಹಾಕಿಕೊಳ್ಳುವ ಪಟ್ಟಿಗಳಿದ್ದವು, ತೂಕ ಐದಾರು ಕಿಲೋ, ಹೊತ್ತದ್ದೇ ಗೊತ್ತಾಗಲಿಲ್ಲ. ನಮ್ಮ ಮುಂದೆ ಇಬ್ಬರು ಪಾಂಟೂನ್ ದೋಣಿಯನ್ನು ಚಕ್ರದ ಗಾಡಿಯ ಮೇಲಿಟ್ಟು ಎಳೆಯುತ್ತಿದ್ದರು. ಎರಡು ಗಾಳಿಕೊಳವೆಗಳ ಮೇಲೆ ಕಬ್ಬಿಣದ ಚೌಕಟ್ಟು, ಕುರ್ಚಿ, ಹುಟ್ಟುಗಳು ಇರುವ ದೋಣಿ ಅದು. ಚಕ್ರ ಮರಳಿನಲ್ಲಿ ಹೂತಾಗಲೆಲ್ಲ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ದೊಡ್ಡ ನೀರಿಗೆ, ಕಾರು ದಡದವರೆಗೆ ಹೋಗುವಲ್ಲಿಗೆ ಅದು ಒಳ್ಳೆಯ ಸಾಧನ. ನಡೆದು ಹೋಗುವ ಸಣ್ಣ ಕೆರೆಗಳೇ ನನ್ನ ಮನಸ್ಸಿನಲ್ಲಿದ್ದುದರಿಂದ ಪಾಂಟೂನ್ ಆಸೆಯನ್ನು ಆ ದಾರಿಯಲ್ಲೇ ಬಿಟ್ಟೆ.

ಕೆರೆಯ ಅಂಚಿನಲ್ಲಿ ಆಳೆತ್ತರದ ಜೊಂಡು. ಅದರ ನಡುವಿನ ಕಿಂಡಿಗಳಲ್ಲಿ ಮಾತ್ರ ನೀರಿಗಿಳಿಯಲು ಜಾಗ. ದಡದಿಂದ ಗಾಳ ಬೀಸುವಂತಿಲ್ಲ, ಹಿಂದಕ್ಕೆ ಬೀಸಿದ ದಾರ ಜೊಂಡಿಗೇ ಸಿಕ್ಕುತ್ತದೆ. ಇಂಥ ಕೆರೆಗಳಲ್ಲಿ ಟ್ಯೂಬು ಏಕೆ ಬೇಕು ಎಂಬುದಕ್ಕೆ ಬೇರೆ ವಿವರಣೆ ಬೇಡ.

ಮೊದಲು ದುಂಡನೆಯದರಲ್ಲಿ ಇಳಿದೆ, ಭಾವನವರ ಅಪ್ಪಣೆಯ ಮೇರೆಗೆ. ನೆಲದಲ್ಲಿ ಅದರ ನಡುವೆ ನಿಂತು, ಆಸನದ ಎರಡು ಕಿಂಡಿಗಳಲ್ಲಿ ಫಿನ್ ತೊಟ್ಟ ಕಾಲುಗಳನ್ನು ಒಂದೊಂದಾಗಿ ತೂರಿಸಿ, ಇಡೀ ಟ್ಯೂಬನ್ನು ಸೊಂಟಕ್ಕೆತ್ತಿ ಹಿಡಿದು, ಹಿಮ್ಮುಖವಾಗಿ ಹೆಜ್ಜೆಯಿಡುತ್ತ ನೀರಿಗೆ ಹೋಗಬೇಕು. ತಳದಲ್ಲಿ ಮೆತ್ತನೆಯ ಕೆಸರು. ತೇಲಿದ ಮೇಲೆ ಹಿತವಾಗಿಯೇ ಇತ್ತು. ಸುತ್ತಲೂ ರಬ್ಬರು ಇರುವುದರಿಂದ ಬೀಳುವ ಭಯವಿಲ್ಲ, ಬೆಲೆಯೂ ಎಲ್ಲಕ್ಕಿಂತ ಕಡಿಮೆ. ಆದರೆ ಸೊಂಟದವರೆಗೆ ನೀರಲ್ಲೇ ಮುಳುಗಿರುತ್ತೇವೆ. ಏಪ್ರಿಲ್ ನೀರು ವೇಡರ್ ಒಳಗಿನ ಉಣ್ಣೆಯನ್ನೂ ಮೀರಿ ತೊಡೆಗೆ ಇಳಿಯಿತು. ಅದಕ್ಕಿಂತ ಮುಖ್ಯವಾದದ್ದು, ಗಾಬರಿಯ ಹೊತ್ತಿನಲ್ಲಿ ಅದರಿಂದ ಹೊರಬರುವುದು ಸುಲಭವಲ್ಲ. ಈಜು ಬರುವವನಿಗೂ ಆ ಎರಡು ಕಿಂಡಿಗಳು ಕಟ್ಟಿಹಾಕಿದ ಹಾಗೆಯೇ.

ಆಮೇಲೆ ಯು ಆಕಾರದ್ದು. ಮುಂಭಾಗ ತೆರೆದಿರುವುದರಿಂದ ಮೊಣಕಾಲು ನೀರಿಗೆ ಬಂದಾಗ ಸುಮ್ಮನೆ ಹಿಂದಕ್ಕೆ ಕೂತರೆ ಆಯಿತು. ಅಡ್ಡಪಟ್ಟಿ ಬಿಗಿದು, ಮಡಿಲ ಮೇಲೆ ಬಲೆಬಟ್ಟೆ ಎಳೆದುಕೊಂಡೆ. ಅದರ ಮೇಲೆ ಮೀನಿನ ಉದ್ದ ಅಳೆಯುವ ಅಳತೆಪಟ್ಟಿ ಅಚ್ಚಾಗಿರುತ್ತದೆ. ಆಸನ ಗಾಳಿ ತುಂಬುವಂಥದ್ದು, ನೀರಿಗಿಂತ ಎತ್ತರ. ತೊಡೆ ಒಣಗಿದ ಹಾಗೆಯೇ ಇತ್ತು. ಎತ್ತರದಿಂದ ಇನ್ನೊಂದು ಲಾಭವಿದೆ: ಬೀಸಿದ ದಾರ ನೀರಿಗೆ ಬಡಿಯದೆ ದೂರ ಹೋಗುತ್ತದೆ.

ಭಾವ ಲೀಚ್ ಹುಳುವಿನ ಹಾಗೆ ಕಟ್ಟಿದ ಕಪ್ಪು ಫ್ಲೈ, ಎಂದರೆ ಕೃತಕ ಎರೆಯೊಂದನ್ನು ನೀರಿನಡಿ ನಿಧಾನಕ್ಕೆ ಎಳೆದುಕೊಂಡು ಜೊಂಡಿನ ಅಂಚಿಗೆ ಸಮಾಂತರವಾಗಿ ಸಾಗುತ್ತಿದ್ದರು. ಕೋಲು ಬಾಗಿತು. ಬಂದದ್ದು ರೇನ್‌ಬೋ ಟ್ರೌಟ್, ಬದಿಯಲ್ಲಿ ಗುಲಾಬಿ ಗೆರೆ. ಅಳತೆಪಟ್ಟಿಯ ಮೇಲೆ ಹದಿನಾರು ಇಂಚು. ಇಲ್ಲಿ ಜೀವಂತ ಎರೆ ಹಾಕುವಂತಿಲ್ಲ, ಗಾಳಕ್ಕೆ ಒಂದೇ ಕೊಕ್ಕೆ, ಅದಕ್ಕೂ ಮುಳ್ಳಿರಬಾರದು, ದಿನಕ್ಕೊಂದು ಮೀನು ಮಾತ್ರ ಇಟ್ಟುಕೊಳ್ಳಬಹುದು. ಭಾವ ಅದನ್ನೂ ಇಟ್ಟುಕೊಳ್ಳುವವರಲ್ಲ. ನೀರಿನಲ್ಲೇ ಹಿಡಿದು, ಕಿವಿರು ಆಡುವುದನ್ನು ನೋಡಿ ಬಿಟ್ಟರು. ಟ್ಯೂಬಿನಲ್ಲಿ ಕೂತವನ ಮುಖ ಮತ್ತು ನೀರಿನ ನಡುವೆ ಎರಡು ಅಡಿ ಅಂತರವೂ ಇರುವುದಿಲ್ಲ. ದೋಣಿಯ ಮೇಲಿಂದ ಮೀನನ್ನು ಎತ್ತಿ ನೋಡುತ್ತೇವೆ, ಇಲ್ಲಿ ಅದಿರುವಲ್ಲಿಗೇ ನಾವು ಹೋಗಿರುತ್ತೇವೆ. ಈ ಸಾಧನದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ.

ಮಧ್ಯಾಹ್ನ ಗಾಳಿ ಎದ್ದಿತು. ಕೊಲಂಬಿಯಾ ಬಯಲಿನ ಗಾಳಿ ಮುನ್ಸೂಚನೆ ಕೊಡುವುದು ಕಡಿಮೆ. ಬೆಳಿಗ್ಗೆ ಇಳಿಯುವಾಗಲೇ ಭಾವ ನನ್ನನ್ನು ಗಾಳಿ ಬರುವ ದಿಕ್ಕಿಗೆ, ಪಶ್ಚಿಮಕ್ಕೆ, ಒದೆಯುವಂತೆ ಹೇಳಿದ್ದರು. ದಣಿದ ಮೇಲೆ ಗಾಳಿಯೇ ಇಳಿದ ಜಾಗಕ್ಕೆ ತಂದುಬಿಡುತ್ತದೆ. ಟ್ಯೂಬಿನ ವೇಗ ನಡಿಗೆಯ ಅರ್ಧವೂ ಇಲ್ಲ. ಎದುರುಗಾಳಿ ಜೋರಾದರೆ ಎಷ್ಟು ಒದ್ದರೂ ನಿಂತಲ್ಲೇ ನಿಲ್ಲಬೇಕಾಗುತ್ತದೆ, ಇಲ್ಲವೇ ಹಿಂದಕ್ಕೆ ಹೋಗಬೇಕಾಗುತ್ತದೆ. ಯು ಆಕಾರದ್ದರ ಅಗಲವಾದ ದುಂಡು ಬೆನ್ನು ನೀರನ್ನು ಸೀಳುವುದಿಲ್ಲ, ತಳ್ಳುತ್ತದೆ. ಕಾಲಿನ ಸ್ನಾಯು ಅದನ್ನು ಸ್ಪಷ್ಟವಾಗಿ ಹೇಳಿತು.

ರಾತ್ರಿ ಎಫ್ರಾಟಾದಲ್ಲಿ ಉಳಿದು ಮರುದಿನ ಬೆಳಿಗ್ಗೆ ಹದಿನೇಳನೆಯ ರಾಜ್ಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದೆವು. ಸೋಪ್ ಲೇಕ್ ದಾಟಿದ ಮೇಲೆ ರಸ್ತೆಗೆ ಅಂಟಿಕೊಂಡೇ ಲೆನೋರ್ ಸರೋವರ. ಕ್ಷಾರ ಜಾಸ್ತಿಯಿರುವ ಆ ನೀರಿಗೆ ಒಗ್ಗುವ ಲಹಾಂಟನ್ ಕಟ್‌ಥ್ರೋಟ್ ಎಂಬ ಟ್ರೌಟನ್ನು ಬಿಟ್ಟು ಬೆಳೆಸಿದ್ದಾರೆ. ಅದರ ಮೂಲ ನೆಲೆ ನೆವಾಡದ ಕಡೆಯ ಕ್ಷಾರ ಸರೋವರಗಳು. ನೀಳವಾದ ಕಣಿವೆಯಲ್ಲಿ ಗಾಳಿ ಅಡೆತಡೆಯಿಲ್ಲದೆ ಓಡುತ್ತಿತ್ತು, ನೀರಿನ ಮೇಲೆ ಬಿಳಿನೊರೆ. ಟ್ಯೂಬಿನಲ್ಲಿ ಇಳಿಯುವ ದಿನ ಅದಲ್ಲ. ನಿಲ್ಲಿಸಲೇ ಇಲ್ಲ.

ಡ್ರೈ ಫಾಲ್ಸ್ ನೋಟದಾಣದಲ್ಲಿ ಮಾತ್ರ ಬಹಳ ಹೊತ್ತು ನಿಂತೆವು. ಮೂರೂವರೆ ಮೈಲಿ ಅಗಲ, ನಾನೂರು ಅಡಿ ಎತ್ತರದ ಬಂಡೆಗೋಡೆ. ಎತ್ತರದಲ್ಲಿ ನಯಾಗರದ ಎರಡು ಪಟ್ಟಿಗೂ ಮಿಕ್ಕು, ಆದರೆ ನೀರಿಲ್ಲ. ಹಿಮಯುಗದ ಕೊನೆಯಲ್ಲಿ, ಹಿಮದ ಅಡ್ಡಗಟ್ಟೆಯ ಹಿಂದೆ, ಪೂರ್ವಕ್ಕಿರುವ ಮೊಂಟಾನಾದಲ್ಲಿ ತುಂಬಿ ನಿಂತಿದ್ದ ಮಿಸೂಲಾ ಎಂಬ ಮಹಾಸರೋವರ ಮತ್ತೆ ಮತ್ತೆ ಒಡೆದು, ಈ ಬಯಲನ್ನು ಕೊರೆದುಕೊಂಡು ಹೋಯಿತು. ಜೆ. ಹಾರ್ಲೆನ್ ಬ್ರೆಟ್ಜ್ ಎಂಬ ಭೂವಿಜ್ಞಾನಿ 1923ರಲ್ಲಿ ಇದು ಒಂದು ಭಾರೀ ಪ್ರವಾಹದ ಕೆಲಸ ಎಂದಾಗ ವಿದ್ವಾಂಸರು ಒಪ್ಪಲಿಲ್ಲ. ನೆಲ ನಿಧಾನವಾಗಿಯೇ ಸವೆಯುತ್ತದೆ ಎಂಬುದು ಅಂದಿನ ನಂಬಿಕೆ. ದಶಕಗಳ ನಂತರ ಅವರ ಮಾತೇ ನಿಂತಿತು. 1979ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ, ಅವರಿಗೆ ಪೆನ್‌ರೋಸ್ ಪದಕ ಸಂದಿತು. ಆ ಪ್ರವಾಹ ಕೊರೆದ ಹಳ್ಳಗಳಲ್ಲೇ ಇಲ್ಲಿಯ ಎಷ್ಟೋ ಕೆರೆಗಳು ಕೂತಿವೆ. ಗ್ರ್ಯಾಂಡ್ ಕೂಲಿ ಅಣೆಕಟ್ಟಿನ ನಾಲೆಗಳು ಬಂದು ಅಂತರ್ಜಲ ಏರಿದ ಮೇಲೆ ಇನ್ನಷ್ಟು ತುಂಬಿಕೊಂಡವು.

ಗೋಡೆಯ ಬುಡದಲ್ಲೇ ಡ್ರೈ ಫಾಲ್ಸ್ ಕೆರೆ. ಸನ್ ಲೇಕ್ಸ್ ಉದ್ಯಾನದೊಳಗಿಂದ ಕಲ್ಲುಗುಂಡಿಗಳ ದಾರಿಯಲ್ಲಿ ಕಾರನ್ನು ತೆವಳಿಸಿಕೊಂಡು ಹೋಗಬೇಕು. ಏಪ್ರಿಲ್ 1ರಿಂದ ನವೆಂಬರ್ 30ರವರೆಗೆ ಮಾತ್ರ ಇಲ್ಲಿ ಗಾಳ ಹಾಕಬಹುದು. ದಡದಲ್ಲಿ ಸ್ಪೋಕೇನ್‌ನಿಂದ ಬಂದಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಚಹಾ ಕುಡಿಯುತ್ತ ಕೂತಿದ್ದರು. ಅವರ ಬಳಿ ವಿ ಆಕಾರದ ಟ್ಯೂಬಿತ್ತು. ನಾನು ಮೊದಲ ಟ್ಯೂಬ್ ಹುಡುಕುತ್ತಿದ್ದೇನೆಂದು ತಿಳಿದದ್ದೇ, ಚಹಾ ಮುಗಿಯುವವರೆಗೆ ತಮ್ಮದರಲ್ಲೇ ಒಂದು ಸುತ್ತು ಹೋಗಿ ಬರುವಂತೆ ಒತ್ತಾಯಿಸಿದರು.

ವಿ ಆಕಾರದ್ದರಲ್ಲಿ ಎರಡು ಕೊಳವೆಗಳು ಬೆನ್ನ ಹಿಂದೆ ಚೂಪಾಗಿ ಸೇರುತ್ತವೆ. ನಾವು ಹೋಗುವುದೇ ಹಿಮ್ಮುಖವಾಗಿ, ಆದ್ದರಿಂದ ಆ ಚೂಪು ನೀರನ್ನು ಸೀಳುತ್ತದೆ. ಹಿಂದಿನ ದಿನದ ಅರ್ಧ ಶ್ರಮದಲ್ಲಿ ಕೆರೆಯ ನಡುವಿಗೆ ಬಂದಿದ್ದೆ. ಆಸನ ಗಾಳಿಯದಲ್ಲ, ದಪ್ಪನೆಯ ಫೋಮ್. ಮುಖ್ಯ ಕೊಳವೆ ಎಲ್ಲಾದರೂ ಸೋರಿದರೂ ಆಸನದ ತೇಲುವಿಕೆ ಉಳಿದಿರುತ್ತದೆ. ಎಡ ಬಲ ಕೊಳವೆಗಳೂ ಬೇರೆ ಬೇರೆ, ಒಂದು ಹೋದರೆ ಇನ್ನೊಂದು ದಡಕ್ಕೆ ತಲುಪಿಸುತ್ತದೆ. ತಲೆಯೆತ್ತಿದರೆ ಮೂರು ಕಡೆ ಆ ಕಪ್ಪು ಗೋಡೆ. ಇಷ್ಟು ನೀರು ಬಿದ್ದ ಜಾಗದಲ್ಲಿ ಎರಡು ಕಾಲು ಆಡಿಸುತ್ತ ತೇಲುವುದು ನನ್ನ ಪಾಲಿಗೆ ದೊಡ್ಡ ಭಾಗ್ಯವಾಗಿತ್ತು.

ದಡಕ್ಕೆ ಮರಳಿದಾಗ ಆ ಶಿಕ್ಷಕಿ ತಮ್ಮ ಟ್ಯೂಬಿನ ಹೊದಿಕೆಯ ಜಿಪ್ಪು ಬಿಚ್ಚಿ ಒಳಗಿನ ಗಾಳಿಚೀಲ ತೋರಿಸಿದರು. ಅಗ್ಗದವುಗಳಲ್ಲಿ ವಿನೈಲ್ ಚೀಲ. ದಪ್ಪ, ಭಾರ, ಚಳಿಗೆ ಪೆಡಸಾಗುತ್ತದೆ. ಅವರದು ಯುರೆಥೇನ್, ಹಗುರ, ತೇಪೆ ಹಾಕಿ ಬಹುಕಾಲ ಬಳಸಬಹುದು. ಗಾಳಿ ಬಿಡುವ ಬಾಯಿ ಅಗಲವಾಗಿರಬೇಕು, ಇಲ್ಲದಿದ್ದರೆ ಸಂಜೆ ದಡದಲ್ಲಿ ಟ್ಯೂಬಿನ ಮೇಲೆ ಮಂಡಿಯೂರಿ ಒತ್ತುತ್ತ ಕೂರಬೇಕು. ಬಣ್ಣ ದೂರಕ್ಕೆ ಕಾಣುವಂತಿರಲಿ, ಮೀನಿಗೆ ಅದರಿಂದ ತೊಂದರೆಯಿಲ್ಲ ಎಂದರು. ತಯಾರಕರು ಹೇಳುವ ಭಾರದ ಮಿತಿಯಲ್ಲಿ ನಮ್ಮ ತೂಕದ ಜೊತೆ ನೆನೆದ ಬಟ್ಟೆ, ವೇಡರ್, ಸಾಮಾನು ಎಲ್ಲವನ್ನೂ ಲೆಕ್ಕ ಹಾಕಿ, ಮೇಲೆ ಇಪ್ಪತ್ತು ಮೂವತ್ತು ಕಿಲೋ ಉಳಿಸಿಕೊಳ್ಳಬೇಕು. ಮಿತಿಗೆ ಹತ್ತಿರವಾದಷ್ಟೂ ತಗ್ಗಿ ತೇಲುತ್ತೇವೆ, ಆಗ ಎತ್ತರದ ಆಸನಕ್ಕೆ ಕೊಟ್ಟ ಹಣ ವ್ಯರ್ಥ.

ಹಿಂದಿರುಗುವ ದಾರಿಯಲ್ಲಿ ಎಲೆನ್ಸ್‌ಬರ್ಗ್‌ನ ಗಾಳದ ಅಂಗಡಿಯೊಂದಕ್ಕೆ ಹೊಕ್ಕಾಗ ಕೇಳಬೇಕಾದದ್ದು ನನಗೆ ಗೊತ್ತಿತ್ತು. ನಡೆದು ಹೊರಬೇಕು, ಹಾಗಾಗಿ ಬೆನ್ನಿನ ಪಟ್ಟಿ. ಗಾಳಿಯಿದೆ, ಹಾಗಾಗಿ ವಿ ಆಕಾರ. ಚಳಿಯಿದೆ, ಹಾಗಾಗಿ ಎತ್ತರದ ಫೋಮ್ ಆಸನ. ದುಬಾರಿಯದರಲ್ಲಿ ಬಾಟಲಿ ಇಡುವ ಚೀಲ, ಕೋಲು ನಿಲ್ಲಿಸುವ ಕೊಳವೆ, ಮೀನು ತೋರಿಸುವ ಯಂತ್ರಕ್ಕೆ ಜಾಗ ಎಲ್ಲ ಇತ್ತು. ಹತ್ತು ಎಕರೆ ಕೆರೆಗೆ ಅವೆಲ್ಲ ಹೊರೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಡುಬೆಲೆಯ ಒಂದನ್ನು ಆರಿಸಿದೆ, ಕಿತ್ತಳೆ ಬಣ್ಣದ್ದು. ಉಳಿಸಿದ ಹಣದಲ್ಲಿ ತೋಳಿಗೆ ಅಡ್ಡ ಬಾರದ ಲೈಫ್ ಜಾಕೆಟ್, ಗಟ್ಟಿ ಫಿನ್, ಕಾಲಿನಿಂದ ಕಳಚಿದರೂ ಕಳೆದುಹೋಗದಂತೆ ಹಿಡಿಯುವ ದಾರ, ವೇಡರ್ ಮೇಲೆ ಬಿಗಿಯುವ ಬೆಲ್ಟು ಕೊಂಡೆ. ಬಿದ್ದಾಗ ವೇಡರ್ ಒಳಗೆ ನೀರು ನುಗ್ಗದಂತೆ ತಡೆಯುವುದು ಆ ಬೆಲ್ಟು. ಅದಿಲ್ಲದೆ ಯಾರೂ ನೀರಿಗಿಳಿಯಬಾರದು.

ಭಾವ ಹೊಸ ಟ್ಯೂಬನ್ನು ಒಮ್ಮೆ ಎತ್ತಿ ತೂಗಿ ನೋಡಿದರು. "ಸರಿಯಾಗಿದೆ. ಮನೆಗೆ ಹೋದ್ಮೇಲೆ ನನ್ನವೆರಡನ್ನೂ ತೊಳೆದು ಒಣಗಿಸಿಕೊಡು" ಎಂದರು. ಒಂದು ಕೆರೆಯ ಕಳೆ, ಚಿಪ್ಪುಜೀವಿ ಇನ್ನೊಂದಕ್ಕೆ ದಾಟಬಾರದೆಂದು ಇಲ್ಲಿ ಪ್ರತಿಯೊಬ್ಬರೂ ಹಾಗೆ ಮಾಡುತ್ತಾರೆ. ಒಣಗುವಷ್ಟರಲ್ಲಿ ಮುಂದಿನ ವಾರ ನನ್ನಲಿ ಎಂಬ ಇನ್ನೊಂದು ಕೆರೆಗೋ ಮತ್ತೆ ಲೆನಿಸ್‌ಗೋ ಎಂಬುದನ್ನು ತೀರ್ಮಾನಿಸಬೇಕಿತ್ತು. ಕ್ಲೇ ಎಲಮ್ ದಾಟುವಾಗ ನನ್ನಲಿ ಎಂದಾಯಿತು.