ನನಗೆ ಪ್ರಿಯವಾದ ಕೆಲವು ವಿಡಿಯೋ ಆಟಗಳು

ಕಳೆದ ತಿಂಗಳು ನಮ್ಮ ಸಂಘದ ಕಾರ್ಯದರ್ಶಿಗಳು ಮನೆಗೆ ದಯಮಾಡಿಸಿ, ನಿವೃತ್ತರಾದವರು ಹೊತ್ತನ್ನು ಹೇಗೆ ಕಳೆಯುತ್ತಾರೆಂಬ ವಿಷಯವಾಗಿ ಪತ್ರಿಕೆಗೆ ಏನಾದರೂ ಬರೆದುಕೊಡಬೇಕೆಂದು ಕೇಳಿಕೊಂಡರು. ರಘುವಂಶವನ್ನು ಮರಳಿ ಓದುವ ಸುಖವನ್ನು ಕುರಿತು ಬರೆದೇನೆಂದು ಅವರು ಎಣಿಸಿದ್ದಿರಬೇಕು. ಓದುವುದು ನಿಜ, ಅದು ಬೆಳಗಿನ ಹೊತ್ತು. ಸಾಯಂಸಂಧ್ಯೆಯಾದ ಮೇಲೆ ಊಟಕ್ಕೆ ಕರೆ ಬರುವವರೆಗೆ ನಾನು ವಿಡಿಯೋ ಆಟಗಳನ್ನು ಆಡುತ್ತೇನೆ. 34 ವರ್ಷಗಳ ಕಾಲ ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವನು ಈ ಮಾತನ್ನು ಅಚ್ಚಿನಲ್ಲಿ ಒಪ್ಪಿಕೊಳ್ಳುವುದು ಸುಲಭವಲ್ಲ. ನಮ್ಮ ಮನೆಯವರಂತೂ, "ಬರೆಯುವುದಾದರೆ ಬರೆಯಿರಿ, ಹೆಸರು ಮಾತ್ರ ಹಾಕಬೇಡಿ" ಎಂದಿದ್ದಾರೆ.

ಈ ಆಟಗಳನ್ನು ಬಲ್ಲವರು ಅವುಗಳನ್ನು ಹಲವು ಜಾತಿಗಳಾಗಿ ವಿಂಗಡಿಸುತ್ತಾರೆ. ನಾನು ಅಲಂಕಾರಶಾಸ್ತ್ರವನ್ನು ಓದಿದವನಾದ್ದರಿಂದ ನನಗೆ ರಸಗಳ ಲೆಕ್ಕವೇ ಸುಲಭ. ಅಂಗಡಿಯಲ್ಲಿ ದೊರೆಯುವ ಆಟಗಳಲ್ಲಿ ಮುಕ್ಕಾಲು ಪಾಲು ವೀರ, ರೌದ್ರ, ಭಯಾನಕಗಳಿಗೆ ಸೇರಿದವು, ಬೀಭತ್ಸಕ್ಕೂ ಕೊರತೆಯಿಲ್ಲ. ಅದ್ಭುತ, ಶಾಂತಗಳ ಪಾಲು ಸ್ವಲ್ಪ. ನನ್ನ ಮನಸ್ಸು ಆ ಸ್ವಲ್ಪದ ಕಡೆಗೆ ವಾಲುತ್ತದೆ. ಇವೆಲ್ಲವುಗಳ ಹೊರಗೆ ಇನ್ನೊಂದು ಜಾತಿಯುಂಟು. ಅಲ್ಲಿ ಕಥೆಯೂ ಇಲ್ಲ, ನಾಯಕನೂ ಇಲ್ಲ, ಇರುವುದು ಬರಿಯ ಜೋಡಣೆ. ಚಿತ್ರಕಾವ್ಯವನ್ನು ಅಧಮವೆಂದು ಆಲಂಕಾರಿಕರು ತಳ್ಳಿಹಾಕಿದಂತೆ ಇದನ್ನೂ ತಳ್ಳಿಹಾಕಬಹುದು. ಆದರೂ ನನಗೆ ಅತ್ಯಂತ ಪ್ರಿಯವಾದುದು ಇದೇ. ಇದರಲ್ಲಿ ಶಿರೋಮಣಿಯೆಂದರೆ ಟೆಟ್ರಿಸ್.

ಅಲೆಕ್ಸಿ ಪಜಿತ್ನೋವ್ ಎಂಬ ರಷ್ಯಾದ ವಿದ್ವಾಂಸನು 1984ರಲ್ಲಿ ಮಾಸ್ಕೋ ನಗರದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಾಗ ಇದನ್ನು ರಚಿಸಿದನು. ಅವನ ಮುಂದಿದ್ದ ಎಲೆಕ್ಟ್ರೋನಿಕಾ 60 ಎಂಬ ಯಂತ್ರಕ್ಕೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ. ಆದಕಾರಣ ಲಿಪಿಯ ಆವರಣ ಚಿಹ್ನೆಗಳನ್ನೇ ಒತ್ತೊತ್ತಾಗಿ ಕೂಡಿಸಿ ಚೌಕಗಳನ್ನು ಮಾಡಿಕೊಂಡನು. ಹಕ್ಕೆಲ್ಲ ಸರಕಾರದ್ದು. ಆಟವು ಲೋಕವನ್ನೆಲ್ಲ ಸುತ್ತಿ, 1989ರಲ್ಲಿ ಜಪಾನಿನ ನಿಂಟೆಂಡೋ ಸಂಸ್ಥೆಯವರ ಅಂಗೈ ಯಂತ್ರವನ್ನು ಹೊಕ್ಕು ಕೋಟ್ಯಂತರ ಜನರ ಕೈ ಸೇರಿತು. ಕರ್ತೃವಿಗೆ ಮಾತ್ರ 1996ರವರೆಗೆ ಗೌರವಧನವೆಂಬುದು ಬರಲಿಲ್ಲ. ನಮ್ಮ ಪಂಡಿತರ ಪಾಡನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ.

ಆಟದ ಕ್ರಮವನ್ನು ತಿಳಿಯದವರಿಗಾಗಿ ಎರಡು ಮಾತು. ಹತ್ತು ಮನೆ ಅಗಲ, ಇಪ್ಪತ್ತು ಮನೆ ಎತ್ತರದ ಒಂದು ಬಾವಿಯನ್ನು ಭಾವಿಸಿಕೊಳ್ಳಬೇಕು. ಮೇಲಿನಿಂದ ಒಂದೊಂದಾಗಿ ತುಂಡುಗಳು ಇಳಿಯುತ್ತವೆ. ಒಂದೊಂದರಲ್ಲಿಯೂ ನಾಲ್ಕು ಚೌಕಗಳು. ಅವನ್ನು ತಿರುಗಿಸಿ, ಅತ್ತಿತ್ತ ಸರಿಸಿ, ಸಂದಿಲ್ಲದಂತೆ ಕೂರಿಸಬೇಕು. ಒಂದು ಸಾಲು ಪೂರ್ತಿಯಾದರೆ ಅದು ಅಳಿಸಿಹೋಗುತ್ತದೆ; ಅಪೂರ್ಣವಾದರೆ ಉಳಿದು ರಾಶಿ ಮೇಲೇರುತ್ತದೆ. ರಾಶಿ ಬಾವಿಯ ಬಾಯಿಗೆ ಮುಟ್ಟಿದರೆ ಆಟ ಮುಗಿಯಿತು.

ಈ ತುಂಡುಗಳು ಏಳೇ ಏಕೆ ಎಂದು ನಾನು ಬಹಳ ದಿನ ಯೋಚಿಸಿದೆನು. ಲಘುಗುರುಗಳನ್ನು ಮೂರು ಸ್ಥಾನಗಳಲ್ಲಿ ಪ್ರಸ್ತಾರ ಮಾಡಿದರೆ ಎಂಟು ಗಣಗಳಾಗುವುವು, ಒಂಬತ್ತನೆಯದು ಹುಟ್ಟಲಾರದು. ಹಾಗೆಯೇ ನಾಲ್ಕು ಚೌಕಗಳನ್ನು ಅಂಚಿಗೆ ಅಂಚು ತಾಗಿಸಿ ಜೋಡಿಸುತ್ತ ಬಂದರೆ, ಎಡಬಲದ ಪ್ರತಿಬಿಂಬಗಳನ್ನು ಬೇರೆಬೇರೆಯಾಗಿ ಎಣಿಸಿದಲ್ಲಿ, ಏಳು ಆಕಾರಗಳಾಗುವುವು, ಎಂಟನೆಯದಿಲ್ಲ. ಕಾಗದದ ಮೇಲೆ ಗೆರೆ ಎಳೆದು ಇದನ್ನು ಕಂಡುಕೊಂಡ ದಿನ, ಪಾಠಶಾಲೆಯಲ್ಲಿ ಮೊದಲ ಸಲ ಪ್ರಸ್ತಾರವನ್ನು ತಪ್ಪಿಲ್ಲದೆ ಬರೆದ ಸಂತೋಷವೇ ಮರಳಿ ಬಂದಿತು. ನಾನು ಅವುಗಳಿಗೆ ನಾಮಕರಣವನ್ನೂ ಮಾಡಿದ್ದೇನೆ: ಉದ್ದನೆಯದು ದಂಡ, ಚೌಕನೆಯದು ಮಣೆ, ಮೂರು ಕವಲಿನದು ತ್ರಿಶೂಲ, ಮೂಲೆ ಮುರಿದವೆರಡು ಕೊಡಲಿಗಳು, ಬಳುಕಿದವೆರಡು ಸರ್ಪಗಳು. ಒತ್ತಕ್ಷರದ ಹಿಂದಿನ ಲಘುವು ಗುರುವಾಗುವಂತೆ ಇಲ್ಲಿಯೂ ತುಂಡಿನ ಬೆಲೆ ಅದರ ನೆರೆಹೊರೆಯಿಂದಲೇ ನಿರ್ಣಯವಾಗುತ್ತದೆ. ಸರಿಯಾದ ಗುಳಿ ಸಿದ್ಧವಾಗಿದ್ದರೆ ದಂಡವೊಂದೇ ನಾಲ್ಕು ಸಾಲುಗಳನ್ನು ಒಮ್ಮೆಗೆ ಅಳಿಸುವುದು. ಇಲ್ಲವಾದರೆ ಅದು ಬೀದಿಯ ನಡುವೆ ಬಿದ್ದ ತೊಲೆ. ಇನ್ನು ಸರ್ಪಗಳ ಮಾತು. ಎಡಸರ್ಪ, ಬಲಸರ್ಪಗಳು ಒಂದರ ಬಳಿಕ ಒಂದು ಬಿಡದೆ ಬರುತ್ತಿದ್ದರೆ ಎಂಥ ನಿಪುಣನಾದರೂ ಸೋಲಲೇಬೇಕೆಂದು ಹೈಡಿ ಬರ್ಗಿಯಲ್ ಎಂಬ ಗಣಿತಜ್ಞೆ 1997ರಲ್ಲಿ ಸಾಧಿಸಿ ತೋರಿಸಿದ್ದಾರೆ. ಇದನ್ನು ಓದಿದ ಮೇಲೆ ನನ್ನ ಸೋಲುಗಳು ನನಗೆ ಅಷ್ಟಾಗಿ ನಾಚಿಕೆಯನ್ನುಂಟುಮಾಡುವುದಿಲ್ಲ.

ಇಂಥ ಜೋಡಣೆಯ ಚಪಲ ನಮ್ಮವರಿಗೆ ಹೊಸದೆಂದು ಯಾರೂ ತಿಳಿಯಬಾರದು. ಚದುರಂಗದ ಕುದುರೆಯ ನಡೆಗೆ ಹೊಂದುವಂತೆ ಅಕ್ಷರಗಳನ್ನಿಟ್ಟು ಶ್ಲೋಕ ಕಟ್ಟುವ ತುರಗಬಂಧವನ್ನು ಒಂಬತ್ತನೆಯ ಶತಮಾನದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ತೋರಿಸಿದ್ದಾನೆ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅದೇ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದರಲ್ಲದೆ, ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನ ಕೊಟ್ಟರು. ಪಾಠಶಾಲೆಯಲ್ಲಿ ನಾವು ಜಗಲಿಯ ಕಲ್ಲಿನ ಮೇಲೆ ಇದ್ದಲಿನಿಂದ ಚೌಕಾಬಾರದ ಮನೆ ಬರೆದುಕೊಂಡಾಗ ನಮ್ಮ ಗುರುಗಳು ಇದನ್ನೇಕೆ ನೆನೆಯಲಿಲ್ಲವೋ! ಒದ್ದೆ ಬಟ್ಟೆ ಕೊಟ್ಟು ನಮ್ಮಿಂದಲೇ ಒರೆಸಿಸಿದರು.

ಅದ್ಭುತರಸಕ್ಕೆ ಸೇರಿದ ಆಟಗಳಲ್ಲಿ ನನಗೆ ಹಿಡಿಸಿದ್ದು ಮಿಸ್ಟ್. ಅಮೆರಿಕದ ಮಿಲ್ಲರ್ ಸಹೋದರರಿಬ್ಬರು ರಚಿಸಿ 1993ರಲ್ಲಿ ಹೊರತಂದದ್ದು. ನಿರ್ಜನವಾದ ಒಂದು ದ್ವೀಪ, ಅಲ್ಲಿ ಗ್ರಂಥಾಲಯ, ಗ್ರಂಥವನ್ನು ತೆರೆದು ಮುಟ್ಟಿದರೆ ಓದುಗನು ಅದರೊಳಗಿನ ಲೋಕಕ್ಕೇ ಹೋಗಿಬಿಡುತ್ತಾನೆ. ಯಾರನ್ನೂ ಕೊಲ್ಲಬೇಕಾಗಿಲ್ಲ, ಅವಸರವೂ ಇಲ್ಲ. ಕಂಡದ್ದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತ ನಾನು ಎರಡು ತಿಂಗಳು ಆ ದ್ವೀಪದಲ್ಲಿ ಅಲೆದೆನು.

ಶಾಂತರಸಕ್ಕೆ ಉದಾಹರಣೆ ಬೇಕೆಂದರೆ 2012ರಲ್ಲಿ ಬಂದ ಜರ್ನಿ ಎಂಬ ಆಟ. ಬೆಂಗಳೂರಿನಲ್ಲಿ ಮಗನ ಮನೆಗೆ ಹೋದಾಗ ಮೊಮ್ಮಗನು, "ತಾತ, ಇದರಲ್ಲಿ ಬರೀ ನಡೆಯೋದು, ನಿಮಗೆ ಸರಿಹೋಗುತ್ತೆ" ಎಂದು ಸ್ವಲ್ಪ ಹಾಸ್ಯವಾಗಿಯೇ ಹಾಕಿಕೊಟ್ಟನು. ಮರಳುಗಾಡು, ದೂರದಲ್ಲಿ ಒಂದು ಬೆಟ್ಟ, ಅಲ್ಲಿಗೆ ನಡೆಯಬೇಕು. ನಡುದಾರಿಯಲ್ಲಿ ಇನ್ನೊಬ್ಬ ಯಾತ್ರಿಕನು ಕೂಡಿಕೊಳ್ಳುತ್ತಾನೆ. ಅವನು ಯಂತ್ರದ ಸೃಷ್ಟಿಯಲ್ಲ, ಪ್ರಪಂಚದ ಯಾವುದೋ ಮೂಲೆಯಲ್ಲಿ ಕುಳಿತು ಆಡುತ್ತಿರುವ ಮನುಷ್ಯ. ಹೆಸರು ಕಾಣದು, ಮಾತನಾಡುವಂತಿಲ್ಲ. ಒಂದು ಸ್ವರವನ್ನು ಹೊರಡಿಸಬಹುದು, ಅಷ್ಟೆ. ಬೆಟ್ಟದ ಹಿಮದಲ್ಲಿ ಇಬ್ಬರೂ ನಡುಗುವಾಗ ಒಬ್ಬರನ್ನೊಬ್ಬರು ತಾಗಿದರೆ ಉತ್ತರೀಯಕ್ಕೆ ತುಸು ಶಕ್ತಿ ಮರಳುತ್ತದೆ. ಜತೆಗೆ ನಡೆದವರ ಹೆಸರು ಕಾಣಿಸುವುದು ಎಲ್ಲ ಮುಗಿದ ಮೇಲೆ. ನಾನು ಕನ್ನಡಕವನ್ನು ತೆಗೆದು ಒರೆಸಿಕೊಂಡುದನ್ನು ಮೊಮ್ಮಗನು ನೋಡಿ, ಹಾಸ್ಯವನ್ನು ನಿಲ್ಲಿಸಿದನು.

ವೀರರಸದಲ್ಲಿ ನನ್ನ ಸಾಧನೆ ಹೇಳಿಕೊಳ್ಳುವಂತಹುದಲ್ಲ. 1997ರ ಏಜ್ ಆಫ್ ಎಂಪೈರ್ಸ್ ಎಂಬ ರಾಜ್ಯವನ್ನು ಕಟ್ಟುವ ಆಟದಲ್ಲಿ ನನ್ನ ಪ್ರಜೆಗಳಿಂದ ಬೇಟೆಯಾಡಿಸಲು ಮನಸ್ಸು ಬಾರದೆ ಹಣ್ಣು ಕೀಳಿಸಿ, ಹೊಲ ಮಾಡಿಸಿ, ಮರ ಕಡಿಸುತ್ತ ಕುಳಿತಿರುವಷ್ಟರಲ್ಲಿ ಶತ್ರುಗಳು ಬಂದು ಎಲ್ಲವನ್ನೂ ಸುಟ್ಟುಹೋಗುತ್ತಾರೆ. ಬಂದೂಕಿನ ಆಟಗಳನ್ನು ನಾನು ಆಡುವುದಿಲ್ಲ. ಹಣವಿಟ್ಟು ಆಡುವ ಆಟಗಳನ್ನು ಆಟವೆಂದೇ ಎಣಿಸುವುದಿಲ್ಲ. 2025ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ಆನ್‌ಲೈನಿನಲ್ಲಿ ಅವನ್ನು ನಿಷೇಧಿಸಿತು, ಋಗ್ವೇದದ ಅಕ್ಷಸೂಕ್ತದ ಜೂಜುಗಾರನ ಗೋಳನ್ನು ಓದಿದವರಿಗೆ ಕಾಯಿದೆಯ ಅಗತ್ಯವಿರಲಿಲ್ಲ.

ಇಷ್ಟೆಲ್ಲ ಹೇಳಿದವನು ಈ ರುಚಿ ನನಗೆ ಹತ್ತಿದ ಬಗೆಯನ್ನು ಮುಚ್ಚಿಡುವುದು ಸರಿಯಲ್ಲ. 1997ರಲ್ಲಿ ಒಂಬತ್ತನೆಯ ತರಗತಿಗೆ ಸುಭಾಷಿತಗಳ ಪಾಠ ಹೇಳುತ್ತಿದ್ದೆನು. ಕಡೆಯ ಬೆಂಚಿನ ಹುಡುಗನೊಬ್ಬನು ತೊಡೆಯ ಮೇಲೆ ಏನನ್ನೋ ಇಟ್ಟುಕೊಂಡು ಬಗ್ಗಿದ್ದನು. ಅಂಗೈಯಷ್ಟಗಲದ ಪ್ಲಾಸ್ಟಿಕ್ಕಿನ ಯಂತ್ರ. ಆಗ ಜಾತ್ರೆಗಳಲ್ಲಿ ಬ್ರಿಕ್ ಗೇಮ್ ಎಂದು ಮಾರುತ್ತಿದ್ದರು. ಟೆಟ್ರಿಸ್ಸಿನದೇ ಅನುಕರಣ. ಕಿತ್ತುಕೊಂಡು, ತಂದೆಯನ್ನು ಕರೆತಂದರೆ ಕೊಡುವೆನೆಂದು ಹೇಳಿ ಬೀರುವಿನಲ್ಲಿಟ್ಟು ಬೀಗ ಹಾಕಿದೆನು. ತಂದೆ ಬರಲಿಲ್ಲ. ಹುಡುಗನೂ ಕೇಳಲಿಲ್ಲ; ಆ ವರ್ಷ ಕಳೆದ ಮೇಲೆ ಶಾಲೆಗೂ ಬರಲಿಲ್ಲ. ನಾನು ಮರೆತೆನು. 2018ರಲ್ಲಿ ನಿವೃತ್ತನಾಗಿ ಬೀರುವನ್ನು ಬರಿದು ಮಾಡುವಾಗ ಹಳೆಯ ಹಾಜರಿ ಪುಸ್ತಕಗಳ ಕೆಳಗೆ ಅದು ಸಿಕ್ಕಿತು. ಸೆಲ್ಲುಗಳು ಸೋರಿ ಹಸಿರು ಕಿಲುಬು ಹಿಡಿದಿತ್ತು. ಹುಣಿಸೆಹಣ್ಣಿನಿಂದ ತಿಕ್ಕಿ, ಒಣಗಿಸಿ, ಹೊಸ ಸೆಲ್ಲು ಹಾಕಿದೆನು. ಕಿರ್ರೆಂದು ಹಾಡಿತು. ಆ ರಾತ್ರಿ ಹನ್ನೊಂದು ಗಂಟೆಯವರೆಗೆ ಆಡಿದೆನು.

2023ರಲ್ಲಿ ಒಂದು ಮದುವೆಯ ಮನೆಯಲ್ಲಿ ನಲವತ್ತು ದಾಟಿದವರೊಬ್ಬರು ಕಾಲಿಗೆರಗಿ, "ಮೇಷ್ಟ್ರೇ, ಗುರುತು ಸಿಕ್ಕಿತೇ?" ಎಂದರು. ಅವನೇ. ಈಗ ಪಂಪ್‌ಸೆಟ್ಟುಗಳ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ನಾನು ತಡವರಿಸುತ್ತ ಯಂತ್ರದ ಸಂಗತಿಯನ್ನು ಹೇಳಿದೆನು. ಅವನು ನಕ್ಕನು. "ಅದು ನಂದಲ್ಲ ಮೇಷ್ಟ್ರೇ, ಪಕ್ಕದ ಮನೆಯವರದು. ಆ ಬೇಸಿಗೆ ಹೋಟಲಿನಲ್ಲಿ ಲೋಟ ತೊಳೆದು ಅವರ ದುಡ್ಡು ತೀರಿಸಿದೆ. ಕೈಗೆ ಕಾಸು ಬಂತು ನೋಡಿ, ಮತ್ತೆ ಸ್ಕೂಲಿನ ಕಡೆ ಬರಲೇ ಇಲ್ಲ." ಅವನ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮುಂದಿನ ಭಾನುವಾರ ಮನೆಗೆ ಕರೆದು, ಯಂತ್ರವನ್ನು ಒರೆಸಿ ಅವನ ಮುಂದಿಟ್ಟೆನು. ಎಡಗಡೆಯ ಗುಂಡಿ ಸಲೀಸಾಗಿ ಒತ್ತುವುದಿಲ್ಲ, ನಾನೇ ಕೆಡಿಸಿದೆನೋ ಏನೋ ಎಂದೆನು. "ಇಲ್ಲ ಮೇಷ್ಟ್ರೇ, ಅದು ಆಗಲೇ ಹಾಗಿತ್ತು" ಎಂದು, ಹೆಬ್ಬೆರಳನ್ನು ಸ್ವಲ್ಪ ಓರೆ ಮಾಡಿ ಒತ್ತುವ ರೀತಿಯನ್ನು ತೋರಿಸಿಕೊಟ್ಟನು. ಆಮೇಲೆ ಜಗಲಿಯ ಮೇಲೆ ಕುಳಿತು ಒಂದು ಆಟ ಆಡಿದನು. ನನ್ನ ಅತ್ಯುತ್ತಮ ಅಂಕಕ್ಕೆ ಎರಡರಷ್ಟು ಮಾಡಿದನು. ಒಳಗಿನಿಂದ ಕಾಫಿ ಬಂದು ಆರುತ್ತಿದ್ದರೂ ತಲೆಯೆತ್ತಲಿಲ್ಲ, ನಾನೂ ಎಚ್ಚರಿಸಲಿಲ್ಲ. ಹೊರಡುವಾಗ ಯಂತ್ರವನ್ನು ಕೊಂಡೊಯ್ಯೆಂದರೆ, "ನಿಮ್ಮ ಹತ್ತಿರವೇ ಇರಲಿ, ಆಗಾಗ್ಗೆ ಬರುತ್ತೇನೆ" ಎಂದು ಬಿಟ್ಟುಹೋದನು. ಈಗಲೂ ತಿಂಗಳಿಗೊಮ್ಮೆ ಬರುತ್ತಾನೆ. ಓರೆ ಹೆಬ್ಬೆರಳಿನ ಆ ಹದ ನನಗಿನ್ನೂ ಪೂರ್ತಿಯಾಗಿ ಬಂದಿಲ್ಲ.