ವೈದ್ಯಪದಗಳ ವಿಗ್ರಹವಾಕ್ಯ

ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ ನರ್ಸಿಂಗ್, ಎಕ್ಸ್‌ರೇ ತಂತ್ರಜ್ಞಾನ, ವೈದ್ಯಕೀಯ ಕೋಡಿಂಗ್ ಮೊದಲಾದ ವೃತ್ತಿಶಿಕ್ಷಣಕ್ಕೆ ಸೇರಬಯಸುವವರು ಆರಂಭದಲ್ಲೇ ದಾಟಬೇಕಾದ ಹೊಸ್ತಿಲುಗಳಲ್ಲಿ ವೈದ್ಯಕೀಯ ಪರಿಭಾಷೆಯ ಪ್ರವೇಶ ಪಾಠವೂ ಒಂದು. ಈ ಪಾಠವನ್ನು ಈಗ ಬಹುಮಂದಿ ತರಗತಿಯಲ್ಲಿ ಕುಳಿತು ಕಲಿಯುವುದಿಲ್ಲ. ಮನೆಯ ಕೆಲಸ ಮುಗಿಸಿ, ಮಕ್ಕಳನ್ನು ಮಲಗಿಸಿ, ರಾತ್ರಿ ಲ್ಯಾಪ್‌ಟಾಪ್ ತೆರೆದು ಆನ್‌ಲೈನಿನಲ್ಲೇ ಕಲಿತು, ವಾರಕ್ಕೊಂದು ಅಧ್ಯಾಯದಂತೆ ಕಿರುಪರೀಕ್ಷೆಗಳನ್ನು ಬರೆದು ಮುಗಿಸುತ್ತಾರೆ. ಕುಟುಂಬದೊಂದಿಗೆ ಅಲ್ಲಿಗೆ ಹೋಗಿ ಹೊಸದಾಗಿ ಬದುಕು ಕಟ್ಟಿಕೊಳ್ಳುತ್ತಿರುವ ಕನ್ನಡಿಗರೂ ಇವರ ನಡುವೆ ಇದ್ದಾರೆ. ಅಮೆರಿಕದ ವೈದ್ಯರು ಧ್ವನಿಮುದ್ರಿಸಿ ಕಳಿಸಿದ ಟಿಪ್ಪಣಿಗಳನ್ನು ಬರಹಕ್ಕಿಳಿಸುವ ಟ್ರಾನ್ಸ್‌ಕ್ರಿಪ್ಷನ್ ಉದ್ಯೋಗ ಬೆಂಗಳೂರಿಗೆ ಬಂದ ದಿನಗಳಿಂದ ಇದೇ ಪರಿಭಾಷೆಯನ್ನು ಇಲ್ಲಿನ ಯುವಕ ಯುವತಿಯರೂ ಕಲಿಯುತ್ತ ಬಂದಿದ್ದಾರೆ.

ಈ ಪಾಠವನ್ನು ಕಂಠಪಾಠದ ವಿಷಯವೆಂದು ತಿಳಿಯುವುದು ವಾಡಿಕೆ. ಒಂದು ಮಗ್ಗುಲಲ್ಲಿ ಪದದ ತುಂಡು, ಇನ್ನೊಂದು ಮಗ್ಗುಲಲ್ಲಿ ಅರ್ಥ ಬರೆದ ನೂರಾರು ಫ್ಲ್ಯಾಶ್‌ಕಾರ್ಡುಗಳನ್ನು ತಿರುವಿ ಹಾಕುತ್ತ ಕಲಿಯುವವರು ಮೂರನೆಯ ವಾರಕ್ಕೇ ದಣಿಯುತ್ತಾರೆ. ಆದರೆ ಇದು ಮೂಲತಃ ವ್ಯಾಕರಣದ ಪಾಠ. ಅದರಲ್ಲೂ ಸಮಾಸ ಪ್ರಕರಣಕ್ಕೆ ತೀರ ಹತ್ತಿರವಾದದ್ದು. ಹೈಸ್ಕೂಲಿನಲ್ಲಿ ಸಂಧಿ ಬಿಡಿಸಿ, ಸಮಾಸಕ್ಕೆ ವಿಗ್ರಹವಾಕ್ಯ ಬರೆದು ಅಂಕ ಗಳಿಸಿದ ಕನ್ನಡ ವಿದ್ಯಾರ್ಥಿಯ ಕೈಯಲ್ಲಿ ಈ ಬೀಗದ ಕೀಲಿ ಆಗಲೇ ಇರುತ್ತದೆ, ಆದರೆ ಆ ಮಾತನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಗ್ಯಾಸ್ಟ್ರೋಎಂಟರೈಟಿಸ್ ಎಂಬ ಪದವನ್ನು ಬಿಡಿಸಿ ನೋಡಬಹುದು. ಇದರಲ್ಲಿ ‘ಗ್ಯಾಸ್ಟ್ರ್’ ಎಂದರೆ ಗ್ರೀಕಿನಲ್ಲಿ ಹೊಟ್ಟೆ ಅಥವಾ ಜಠರ, ‘ಎಂಟರ್’ ಎಂದರೆ ಕರುಳು, ‘ಐಟಿಸ್’ ಎಂಬುದು ಉರಿಯೂತವನ್ನು ಸೂಚಿಸುವ ಪ್ರತ್ಯಯ. ಪದವನ್ನು ಕೊನೆಯಿಂದ ಹಿಡಿದು, ಬಳಿಕ ಮೊದಲಿಗೆ ಬಂದು, ಆಮೇಲೆ ನಡುವಿನದನ್ನು ಸೇರಿಸಿಕೊಳ್ಳಬೇಕೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಉತ್ತರಪದದ ಅರ್ಥವೇ ಪ್ರಧಾನವಾಗುವ ತತ್ಪುರುಷವನ್ನು ಬಲ್ಲವರಿಗೆ ಈ ಕ್ರಮ ಹೊಸದಲ್ಲ. ‘ಜಠರದ ಮತ್ತು ಕರುಳಿನ ಉರಿಯೂತ’ ಎಂದು ವಿಗ್ರಹವಾಕ್ಯ ಬರೆದುಕೊಂಡ ಕೂಡಲೇ ಒಳಗೊಂದು ದ್ವಂದ್ವ, ಹೊರಗೊಂದು ತತ್ಪುರುಷ ಕಣ್ಣಿಗೆ ಬೀಳುತ್ತವೆ. ಐಟಿಸ್ ಎಂಬುದಕ್ಕೆ ಗ್ರೀಕಿನಲ್ಲಿ ಮೊದಲು ‘ಸಂಬಂಧಿಸಿದ’ ಎಂಬಷ್ಟೇ ಅರ್ಥವಿತ್ತು ಮತ್ತು ಅದು ಸ್ವತಂತ್ರ ಪದವಲ್ಲ, ಆದ್ದರಿಂದ ಇಡೀ ಪದವನ್ನು ತದ್ಧಿತಾಂತವೆಂದು ಕರೆಯುವುದು ಶಾಸ್ತ್ರಕ್ಕೆ ಇನ್ನೂ ಸಮೀಪವಾದೀತು. ಆದರೂ ಕಲಿಯುವವರಿಗೆ ಸಮಾಸದ ದಾರಿ ಹೆಚ್ಚು ಸಲೀಸು.

ಸಂಧಿಯ ನಿಯಮಗಳು ಇದಕ್ಕಿಂತಲೂ ಸೊಗಸಾಗಿ ಹೊಂದುತ್ತವೆ. ಎರಡು ತುಂಡುಗಳನ್ನು ಬೆಸೆಯಲು ನಡುವೆ ಬರುವ ‘ಓ’ ಸ್ವರ, ಮುಂದೆ ವ್ಯಂಜನದಿಂದ ಆರಂಭವಾಗುವ ಪ್ರತ್ಯಯ ಬಂದರೆ ಉಳಿಯುತ್ತದೆ, ಸ್ವರದಿಂದ ಆರಂಭವಾಗುವುದು ಬಂದರೆ ಬಿದ್ದುಹೋಗುತ್ತದೆ. ಗ್ಯಾಸ್ಟ್ರೋಸ್ಕೋಪಿ ಎನ್ನುವಾಗ ‘ಓ’ ಇದೆ, ಗ್ಯಾಸ್ಟ್ರೈಟಿಸ್ ಎನ್ನುವಾಗ ಇಲ್ಲ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಉಕಾರ ಬಿಡುವ ಲೋಪಸಂಧಿಯ ನೆನಪು ಇಲ್ಲಿ ಸಹಜವಾಗಿಯೇ ಬರುತ್ತದೆ. ಆದರೆ ಎರಡು ಮೂಲಪದಗಳ ನಡುವೆ ಬಂದಾಗ, ಮುಂದೆ ಸ್ವರವಿದ್ದರೂ ‘ಓ’ ಸಾಮಾನ್ಯವಾಗಿ ಕದಲುವುದಿಲ್ಲ. ಗ್ಯಾಸ್ಟ್ರೋಎಂಟರೈಟಿಸಿನಲ್ಲಿ ‘ಓ’ ಮತ್ತು ‘ಎ’ ಒಂದರ ಪಕ್ಕ ಒಂದು ನಿಂತಿರುವುದು ಇದೇ ಕಾರಣಕ್ಕೆ. ಸಂಧಿಯಾಗಬೇಕಾದ ಕಡೆ ಆಗದೆ ಪದಗಳು ಇದ್ದಂತೆಯೇ ಉಳಿಯುವುದನ್ನು ಕನ್ನಡ ವ್ಯಾಕರಣ ಪ್ರಕೃತಿಭಾವ ಎನ್ನುತ್ತದೆ. ಆನ್‌ಲೈನ್ ಪಾಠದ ಎರಡನೆಯ ವಾರದಲ್ಲಿ ವಿದ್ಯಾರ್ಥಿಗಳನ್ನು ಕಾಡುವ ಈ ನಿಯಮಕ್ಕೆ ಕನ್ನಡದಲ್ಲಿ ಹೆಸರೇ ಸಿದ್ಧವಾಗಿದೆ.

ಸಮಾಸದ ಮಾತು ಬಂದಮೇಲೆ ಅರಿಸಮಾಸವನ್ನು ಬಿಡುವಂತಿಲ್ಲ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಕೂಡಿಸಿ ಸಮಾಸ ಮಾಡಬಾರದೆಂದು 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿಧಿಸಿದ್ದಾನೆ; ಬಿರುದುಗಳಿಗೂ ಹಿಂದಿನ ಕವಿಗಳ ಪ್ರಯೋಗಗಳಿಗೂ ವಿನಾಯಿತಿಯನ್ನೂ ಕೊಟ್ಟಿದ್ದಾನೆ. ಗ್ರೀಕ್ ತುಂಡಿಗೆ ಗ್ರೀಕ್ ತುಂಡೇ, ಲ್ಯಾಟಿನ್ ತುಂಡಿಗೆ ಲ್ಯಾಟಿನ್ ತುಂಡೇ ಸೇರಬೇಕೆಂಬ ಇಂಥದೇ ಮಡಿವಂತಿಕೆ ಯುರೋಪಿನ ಪಂಡಿತರಲ್ಲೂ ಇತ್ತು. ಬೋಸ್ಟನ್ನಿನ ವೈದ್ಯ ರೆಜಿನಾಲ್ಡ್ ಫಿಟ್ಜ್ 1886ರಲ್ಲಿ ಬಳಕೆಗೆ ತಂದ ಅಪೆಂಡಿಸೈಟಿಸ್ ಎಂಬ ಪದ ಈ ನಿಯಮವನ್ನು ನೇರವಾಗಿ ಮುರಿಯುತ್ತದೆ, ಏಕೆಂದರೆ ‘ಅಪೆಂಡಿಕ್ಸ್’ ಲ್ಯಾಟಿನ್, ‘ಐಟಿಸ್’ ಗ್ರೀಕ್. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಆವೃತ್ತಿಯ ‘ಎ’ ಭಾಗದಲ್ಲಿ ಈ ಪದಕ್ಕೆ ಜಾಗವೇ ಸಿಗಲಿಲ್ಲ. ಆದರೆ 1902ರ ಜೂನ್ 26ಕ್ಕೆ ಗೊತ್ತಾಗಿದ್ದ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕ, ಎರಡೇ ದಿನ ಮುಂಚೆ ಇದೇ ಕಾಯಿಲೆಗೆ ಅವನಿಗೆ ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದದ್ದರಿಂದ ಆಗಸ್ಟ್ 9ಕ್ಕೆ ಮುಂದೆ ಹೋಯಿತು. ಪಂಡಿತರು ಒಪ್ಪದ ಪದ ಲೋಕದ ಬಾಯಿಗೆ ಬಿದ್ದು ಗಟ್ಟಿಯಾಯಿತು. ಭಾಷೆಯ ವಿಷಯದಲ್ಲಿ ಬಳಕೆಯೇ ಕೊನೆಯ ತೀರ್ಪುಗಾರನೆಂಬುದನ್ನು ಕೇಶಿರಾಜನೂ ಆ ವಿನಾಯಿತಿಗಳ ಮೂಲಕ ಒಪ್ಪಿಕೊಂಡಂತೆಯೇ ಆಯಿತು.

ಎಲ್ಲ ಪದಗಳೂ ಹೀಗೆ ಬಿಡಿಸಿದರೆ ಬಿಚ್ಚಿಕೊಳ್ಳುತ್ತವೆ ಎನ್ನುವಂತಿಲ್ಲ. ಗ್ಯಾಸ್ಟ್ರೈಟಿಸ್ ಅರ್ಥಕ್ಕೆ ತಕ್ಕ ಹೆಸರು, ಅಂದರೆ ಅನ್ವರ್ಥನಾಮ. ನಡುಗುವ ಕಾಯಿಲೆಯನ್ನು 1817ರಲ್ಲಿ ವಿವರಿಸಿದ ಜೇಮ್ಸ್ ಪಾರ್ಕಿನ್ಸನ್ನನ ಹೆಸರಿನಿಂದ ಬಂದ ಪಾರ್ಕಿನ್ಸನ್ ರೋಗ ಅಂಕಿತನಾಮದ ಜಾತಿಗೆ ಸೇರಿದ್ದು, ಅದನ್ನು ಎಷ್ಟು ಒಡೆದರೂ ಒಳಗೆ ಅರ್ಥ ಸಿಗುವುದಿಲ್ಲ. ಕೆಲವು ಪದಗಳು ದಾರಿ ತಪ್ಪಿಸುವುದೂ ಉಂಟು. ಮಲೇರಿಯ ಎಂದರೆ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ. ರೋಗಾಣುವನ್ನು ಸೊಳ್ಳೆ ಹರಡುತ್ತದೆಂದು ತಿಳಿದ ಬಳಿಕವೂ ಹಳೆಯ ತಪ್ಪು ಹೆಸರಿನಲ್ಲಿ ಹಾಗೆಯೇ ಉಳಿದಿದೆ.

ಇನ್ನು ಕೆಲವು ಪದಗಳು ಎರಡು ಭಾಷೆಗಳ ನೋಟ ಒಂದೇ ಆಗಿರುವುದನ್ನು ತೋರಿಸಿ ಮನಸ್ಸಿಗೆ ನಿಜವಾದ ಸಂತೋಷವನ್ನು ಕೊಡುತ್ತವೆ. ಡಯಾಬಿಟಿಸ್ ಮೆಲ್ಲಿಟಸ್ ಎಂಬುದರ ಎರಡನೆಯ ಪದಕ್ಕೆ ಜೇನಿನಂತೆ ಸಿಹಿಯಾದದ್ದೆಂದು ಅರ್ಥ. ಮಧುಮೇಹದ ‘ಮಧು’ವೂ ಜೇನೇ. ಕ್ಯಾನ್ಸರ್ ಎಂದರೆ ಲ್ಯಾಟಿನ್ನಿನಲ್ಲಿ ಏಡಿ, ಕನ್ನಡದ ವೈದ್ಯ ಬರಹಗಾರರು ಅದನ್ನು ಏಡಿಗಂತಿ ಎಂದರು. ಐಟಿಸ್ ಪ್ರತ್ಯಯಕ್ಕೆ ಸಲ್ಲುವ ‘ಉರಿಯೂತ’ವಂತೂ ಅಪ್ಪಟ ಕನ್ನಡದ ಗಳಿಕೆ: ಮೊದಲನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಹೇಳಿದ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳಲ್ಲಿ ಊತವನ್ನು ಬಾಯಿಬಿಟ್ಟು ಹೇಳಿ, ಬಿಸಿಯನ್ನೂ ನೋವನ್ನೂ ‘ಉರಿ’ ಎಂಬ ಒಂದೇ ಮಾತಿನಲ್ಲಿ ಅಡಗಿಸಿರುವ ಈ ಪದವನ್ನು ಬಲ್ಲವರಿಗೆ ಮೂಲದ ಪದಕ್ಕಿಂತ ಹೆಚ್ಚೇ ತಿಳಿಯುತ್ತದೆ.

ಕಾಗುಣಿತದ ಕಡೆಗೆ ಮಾತ್ರ ಕನ್ನಡದ ಕಲಿಕೆ ಅಷ್ಟಾಗಿ ನೆರವಾಗುವುದಿಲ್ಲ. ಸಣ್ಣ ಕರುಳಿನ ಕೊನೆಯ ಭಾಗವೂ ಸೊಂಟದ ದೊಡ್ಡ ಎಲುಬೂ ಕನ್ನಡ ಲಿಪಿಯಲ್ಲಿ ಒಂದೇ ತೆರನಾಗಿ ‘ಇಲಿಯಮ್’ ಆಗುತ್ತವೆ. ಇಂಗ್ಲಿಷ್ ಬರಹದಲ್ಲಿ ಮೂರನೆಯ ಅಕ್ಷರ ಒಂದರಲ್ಲಿ ‘ಇ’, ಮತ್ತೊಂದರಲ್ಲಿ ‘ಐ’. ನುಂಗುವ ತೊಂದರೆ ಡಿಸ್‌ಫೇಜಿಯ, ಮಾತಿನ ತೊಂದರೆ ಡಿಸ್‌ಫೇಸಿಯ. ರಕ್ತದಲ್ಲಿ ಸಕ್ಕರೆ ಹೆಚ್ಚಾಗುವುದು ಹೈಪರ್‌ಗ್ಲೈಸೀಮಿಯ, ಇಳಿಯುವುದು ಹೈಪೋಗ್ಲೈಸೀಮಿಯ. ಹೆಚ್ಚಾದವರಿಗೆ ಇನ್ಸುಲಿನ್ ಬೇಕಾಗಬಹುದು, ಇಳಿದವರಿಗೆ ಅದನ್ನೇ ಕೊಟ್ಟರೆ ಪ್ರಾಣಕ್ಕೇ ಅಪಾಯ. ಒಂದಕ್ಷರ ತಪ್ಪಿದರೂ ಅಂಕ ಕಳೆಯುವ ಅಧ್ಯಾಪಕರ ಬಿಗಿತನಕ್ಕೆ ಇಲ್ಲಿ ಸಮರ್ಥನೆಯಿದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಬಾರದ ಸಂಕ್ಷೇಪಗಳ ಪಟ್ಟಿಯನ್ನೇ ಮಾಡಿತು: ಯೂನಿಟ್ ಎಂಬುದನ್ನು ‘ಯು’ ಎಂಬ ಒಂದೇ ಅಕ್ಷರದಲ್ಲಿ ಬರೆದರೆ ಅದನ್ನು ಸೊನ್ನೆಯೆಂದು ಓದಿ ಹತ್ತು ಪಟ್ಟು ಔಷಧ ಕೊಡುವ ಅಪಾಯವಿರುವುದರಿಂದ ಪೂರ್ತಿ ಪದವನ್ನೇ ಬರೆಯಬೇಕು.

ಆನ್‌ಲೈನ್ ಪಾಠದ ದೊಡ್ಡ ಕೊರತೆ ಅದರ ಮೌನ. ಪದ ಪರದೆಯ ಮೇಲೆ ಕಾಣುತ್ತದೆ, ಒತ್ತಿದರೆ ಧ್ವನಿಯೂ ಕೇಳುತ್ತದೆ, ಆದರೆ ವಿದ್ಯಾರ್ಥಿಯ ಬಾಯಿಂದ ಅದು ಹೊರಡಲೇಬೇಕೆಂಬ ಒತ್ತಾಯ ಬಹುತೇಕ ಇರುವುದಿಲ್ಲ. ನ್ಯುಮೋನಿಯದ ಆರಂಭದಲ್ಲಿ ಬರೆದೂ ಉಚ್ಚರಿಸದ ‘ಪಿ’ ಅಕ್ಷರವಿದೆಯೆಂದು ಪರೀಕ್ಷೆಯಲ್ಲಿ ಸರಿಯಾಗಿ ಬರೆದವರೂ ಆಸ್ಪತ್ರೆಯ ವಾರ್ಡಿನಲ್ಲಿ ಮಾತನಾಡುವಾಗ ತಡವರಿಸುವುದು ಇದರಿಂದಲೇ. ನೋಟ್‌ಬುಕ್ಕಿನಲ್ಲಿ ಪ್ರತಿ ಪದದ ಇಂಗ್ಲಿಷ್ ಕಾಗುಣಿತ, ಅದರ ಕೆಳಗೆ ಕನ್ನಡ ಲಿಪಿಯಲ್ಲಿ ಉಚ್ಚಾರಣೆ, ಅದರ ಕೆಳಗೆ ವಿಗ್ರಹವಾಕ್ಯ, ಹೀಗೆ ಮೂರು ಸಾಲು ಬರೆದು ಗಟ್ಟಿಯಾಗಿ ಓದುವ ಅಭ್ಯಾಸ ಈ ಕೊರತೆಯನ್ನು ಬಹುಮಟ್ಟಿಗೆ ನೀಗಬಲ್ಲದು. ಕೊಲೊಸ್ಟಮಿ ಎಂಬುದರ ಕೆಳಗೆ ‘ದೊಡ್ಡ ಕರುಳಿಗೆ ಹೊಟ್ಟೆಯ ಮೇಲೆ ಬಾಯಿ ಮಾಡುವುದು’ ಎಂದು ಬರೆದುಕೊಂಡ ನರ್ಸ್, ನಾಳೆ ಗಾಬರಿಗೊಂಡ ಹಿರಿಯರೊಬ್ಬರು ಹಾಸಿಗೆಯಿಂದ “ನನಗೇನು ಮಾಡ್ತಾರಮ್ಮಾ?” ಎಂದು ಕೇಳಿದಾಗ ಉತ್ತರಕ್ಕಾಗಿ ಹುಡುಕಬೇಕಾಗುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಕರ್ನಾಟಕದ ನರ್ಸಿಂಗ್ ಕಾಲೇಜುಗಳಿಗೆ ಬರುವ ಹಳ್ಳಿಯ ಮಕ್ಕಳು ಮೊದಲ ವರ್ಷದಲ್ಲಿ ಈ ಪದಗಳ ಎದುರು ಕುಗ್ಗಿಹೋಗುತ್ತಾರೆ. ಅವರಿಗೆ ಕಲಿಸುವ ಅಧ್ಯಾಪಕರು ಮೊದಲ ವಾರ ಬೇರೇನನ್ನೂ ಮಾಡದೆ, ಹಲಗೆಯ ಮೇಲೆ ಹತ್ತು ಪದ ಬರೆದು, ಹತ್ತನೆಯ ತರಗತಿಯಲ್ಲಿ ಕಲಿತ ಸಂಧಿ ಸಮಾಸಗಳನ್ನೇ ನೆನಪಿಸಿ, ವಿಗ್ರಹವಾಕ್ಯ ಬರೆಸಬೇಕು.